ಹಿಂಬದಿ ಮೂಲೆಯ ತೇಲುಗಲ್ಲು

“ಬಂದ ನೋಡ್ರೋ, ಚರ್ಚು ಬೀಳ್ಸಿದ ಮೇಸ್ತ್ರಿ! ಒಂದ್ಸಲ ಬೀಳ್ಸಿ ಪುಣ್ಯ ಕಟ್ಕೊಂಡಿದ್ದ. ಈಗ ಅದನ್ನೇ ಮತ್ತೆ ಎಬ್ಸೋಕೆ ಹೊಂಟಿದಾನೆ, ಮಾನಗೆಟ್ಟೋನು.”

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆ, ಜಲಜಮ್ಮನ ಚಹಾದಂಗಡಿ, ಬೆಳಗಿನ ಆರು ಗಂಟೆ. ಜನವರಿಯ ಚಳಿಗೆ ಅಡಿಕೆ ಸಿಪ್ಪೆಯ ರಾಶಿಗೆ ಬೆಂಕಿ ಹಚ್ಚಿ ಏಳೆಂಟು ಜನ ಕೈ ಕಾಯಿಸುತ್ತಿದ್ದಾರೆ. ಮಾತು ಎಸೆದವನು ಕಿರಣ, ಮೇಲಿನ ಕೇರಿಯ ಜಮೀನುದಾರರ ಮಗ. ಬೈಕಿನಿಂದ ಇಳಿಯುವಷ್ಟೂ ಮರ್ಯಾದೆ ಇಲ್ಲದೆ ಕೂತಲ್ಲಿಂದಲೇ ಎಸೆದಿದ್ದಾನೆ. ಬೈಸಿಕೊಂಡವರು ಧರ್ಮಪ್ಪ. ವಯಸ್ಸು ಐವತ್ತನಾಲ್ಕು, ಊರು ಕೊಪ್ಪ ತಾಲೂಕಿನ ನಾರ್ವೆ, ಕೆಲಸ ಪಾಯ ಹಾಕುವುದು. ಹೆಗಲ ಮೇಲೆ ಐದಡಿಯ ಹಾರೆ. ಚೀಲದಲ್ಲಿ ನೂಲುಂಡೆ, ತೂಕದ ಗುಂಡು, ಮಧ್ಯಾಹ್ನದ ಬುತ್ತಿ.

“ಎಂತ ಧರ್ಮಪ್ಪ, ಕೊರಳಿಗೆ ಶಿಲುಬೆ ಬಿದ್ದಾಯ್ತಾ? ಇಲ್ಲಾ ಪಾಯ ಮುಗಿದ ಮೇಲಾ?” ಮತ್ತೆ ಕಿರಣನೇ.

ಬೆಂಕಿಯ ಸುತ್ತ ನಗೆ. ಧರ್ಮಪ್ಪ ತಾವೂ ನಗಲು ನೋಡುತ್ತಾರೆ. “ಕೂಲಿ ಕೆಲಸ ಮಾರಾಯ. ಕರೆದ್ರು, ಹೋಗ್ತಿದೀನಿ. ನಂಗೂ ಅವ್ರಿಗೂ ಎಂತ ಸಂಬಂಧ?”

“ಸಂಬಂಧ ಇಲ್ದಿದ್ರೆ ಒಳ್ಳೇದು,” ಎನ್ನುತ್ತಾನೆ ಕಿರಣ ಬೈಕಿಗೆ ಕಿಕ್ ಹೊಡೆಯುತ್ತಾ. “ನಾಳೆ ಮೊದಲ ಕಲ್ಲು ಕೂರ್ಸ್ತಾರಂತೆ. ಕೂರ್ಸಿದ ಕೈ ನೆಟ್ಟಗಿರಲ್ಲ, ಹೇಳಿರ್ತೀನಿ.”

ಈ ಹುಡುಗ ರಾತ್ರಿ ಹೋಗಿ ಮಲಗುವ ಎರಡಂತಸ್ತಿನ ಮನೆಯ ಪಾಯ ಹಾಕಿದವರು ಇದೇ ಧರ್ಮಪ್ಪ. ಹದಿನಾರು ಮಳೆಗಾಲ ಕಳೆದಿದೆ, ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿಲ್ಲ. ಅದು ಅವನಿಗೆ ಗೊತ್ತಿಲ್ಲ. ಯಾರಿಗೆ ಗೊತ್ತಿರುತ್ತದೆ? ಗೇಟಿನ ಮೇಲೆ ಇಂಜಿನಿಯರ ಹೆಸರಿದೆ, ಬಾಗಿಲಿನ ಕೆತ್ತನೆ ತೋರಿಸಿ ಬಡಗಿಯ ಹೆಸರು ಹೇಳುತ್ತಾರೆ. ಪಾಯದ ಮೇಲೆ ಮಣ್ಣು ಎಳೆದ ದಿನವೇ ಪಾಯದವನ ಹೆಸರಿನ ಮೇಲೂ ಮಣ್ಣು ಬೀಳುತ್ತದೆ.

ಇಪ್ಪತ್ತೊಂಬತ್ತು ವರ್ಷದಲ್ಲಿ ಧರ್ಮಪ್ಪ ಇನ್ನೂರ ಅರವತ್ತಕ್ಕೂ ಹೆಚ್ಚು ಪಾಯ ಹಾಕಿದ್ದಾರೆ. ಬೇಗಾರಿನಿಂದ ಎನ್.ಆರ್. ಪುರದವರೆಗೆ ಮನೆ, ಶಾಲೆ, ಎರಡು ಗುಡಿ, ಒಂದು ಮಸೀದಿಯ ಮೆಟ್ಟಿಲು. ಕೆಲಸ ಡಿಸೆಂಬರಿನಿಂದ ಮೇ ತನಕ ಮಾತ್ರ. ಮಳೆ ಹಿಡಿದರೆ ಪಾಯಕ್ಕೆ ತೋಡಿದ ಚರಂಡಿಯಲ್ಲಿ ನೀರು ನಿಲ್ಲುತ್ತದೆ. ದಿನಕ್ಕೆ ಅರವತ್ತು, ಎಪ್ಪತ್ತು ಸೈಜುಗಲ್ಲು ಅವರ ಕೈ ಹಾಯುತ್ತವೆ. ಎಡಗೈಯ ಎರಡು ಬೆರಳಿಗೆ ಉಗುರಿಲ್ಲ. ಗುದ್ದಲಿಪೂಜೆಗೆ ಎಲ್ಲರೂ ಕರೆದಿದ್ದಾರೆ. ಗೃಹಪ್ರವೇಶಕ್ಕೆ ಕರೆದವರು ಹನ್ನೊಂದು ಮನೆಯವರು. ಆ ಹನ್ನೊಂದೂ ಮನೆಯ ಪಾಯಸದ ರುಚಿ ಅವರಿಗೆ ನೆನಪಿದೆ.

ಅವರ ವಿದ್ಯೆಯೆಲ್ಲ ಹಾರೆಯಲ್ಲಿದೆ, ಕಿವಿಯಲ್ಲಿದೆ. ಚರಂಡಿ ತೋಡಿದ ಮೇಲೆ ತಳಕ್ಕೆ ಹಾರೆ ಕುಟ್ಟಿ ಸದ್ದಿಗೆ ಕಿವಿ ಕೊಡುತ್ತಾರೆ. “ಮೆತ್ತನೆ ಮಣ್ಣು ದಬ್ ಅಂತದೆ. ಗಟ್ಟಿ ನೆಲ ಟಣ್ ಅಂದು ಅಲ್ಲೇ ಬಾಯಿ ಮುಚ್ಚುತ್ತೆ. ಇವೆರಡರ ಮಧ್ಯೆ ಒಬ್ಬ ಕಳ್ಳ ಇದಾನೆ, ತೇಲುಗಲ್ಲು. ದೊಡ್ಡ ಬಂಡೆಯೇ. ಆದ್ರೆ ಬೇರಿಲ್ಲ, ಸಡಿಲು ಮಣ್ಣಿನ ಮೇಲೆ ಮಲಗಿರ್ತಾನೆ. ಅವನೂ ಟಣ್ ಅಂತಾನೆ. ಹಿಂದೆ ಒಂದು ಗುಂಯ್ ಬರ್ತದೆ. ಆ ಗುಂಯ್ ಕೇಳಿದ್ರೆ ನಿಲ್ಲಬೇಕು.”

2002ರ ಮೇ ತಿಂಗಳ ಒಂದು ಸಂಜೆ ಅವರು ಆ ಗುಂಯ್ ಕೇಳಿದ್ದರು. ನಿಲ್ಲಲಿಲ್ಲ.

ಚಹಾದಂಗಡಿಯಿಂದ ಅರ್ಧ ಮೈಲಿ ದೂರದಲ್ಲಿ, ರಬ್ಬರ್ ಗಿಡಗಳ ಇಳಿಜಾರಿನಲ್ಲಿ, ಕೇರಳದಿಂದ ಬಂದು ನೆಲೆ ನಿಂತ ಹದಿನೆಂಟು ಕ್ರೈಸ್ತ ಮನೆಗಳಿವೆ. ಅವರು ಆ ವರ್ಷ ಪ್ರಾರ್ಥನೆಗೊಂದು ಚಿಕ್ಕ ಚರ್ಚು ಕಟ್ಟಿಸಿದರು. ಪಾಯ ಧರ್ಮಪ್ಪನವರದು. ಹಿಂಬದಿ ಮೂಲೆಯಲ್ಲಿ ಹಾರೆ ಅನುಮಾನದ ಸದ್ದು ಕೊಟ್ಟಾಗ ಪಶ್ಚಿಮಕ್ಕೆ ಮೋಡ ಏರುತ್ತಿತ್ತು. ಬಂಡೆ ಕಿತ್ತರೆ ಮೂರು ದಿನ ಹೋಗುತ್ತದೆ, ಅಷ್ಟರಲ್ಲಿ ಮಳೆ ಹಿಡಿಯುತ್ತದೆ. “ಕಲ್ಲು ತನ್ನಿ,” ಎಂದುಬಿಟ್ಟರು. ಜುಲೈಯ ಒಂದು ಬೆಳಿಗ್ಗೆ ಆ ಮೂಲೆ ಕುಸಿಯಿತು, ಗೋಡೆ ಒಳಕ್ಕೆ ಬಿತ್ತು. ಒಳಗೆ ಕಸ ಗುಡಿಸುತ್ತಿದ್ದ ಏಲಿಯಮ್ಮ ಎಂಬ ವಿಧವೆಯ ಎಡಗಾಲು ಕಲ್ಲಿನಡಿ ಸಿಕ್ಕಿ ನಜ್ಜುಗುಜ್ಜಾಯಿತು. “ಗುಡ್ಡ ಜಾರಿತು,” ಎಂದು ಜನ ಹೇಳಿದರು, ಮೇಸ್ತ್ರಿಯೇ ಬೀಳಿಸಿದ ಎಂಬುದು ಗೇಲಿಗಷ್ಟೇ. ಧರ್ಮಪ್ಪನವರೂ ಹಾಗೇ ಹೇಳಿದರು. ಆರೂವರೆ ವರ್ಷ ಅದನ್ನೇ ಹೇಳಿದರು.

ಕಳೆದ ಡಿಸೆಂಬರಿನಲ್ಲಿ ಚರ್ಚಿನ ಪಾಸ್ಟರು ನಾರ್ವೆಗೆ ಬಂದು, ಮತ್ತೆ ಕಟ್ಟುತ್ತೇವೆ, ಪಾಯಕ್ಕೆ ನೀವೇ ಬರಬೇಕು ಎಂದಾಗ ಧರ್ಮಪ್ಪ ಆಗುವುದಿಲ್ಲ ಎಂದುಬಿಟ್ಟರು. ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ತಾವೇ ಬಸ್ಸು ಹತ್ತಿ ಏಲಿಯಮ್ಮನ ಮನೆ ಅಂಗಳಕ್ಕೆ ಹೋಗಿ ನಿಂತರು. ಮರಗೆಣಸು ಸುಲಿಯುತ್ತಿದ್ದ ಆಕೆಯ ಮುಂದೆ, “ಅಮ್ಮಾ, ಗುಡ್ಡ ಜಾರಿದ್ದಲ್ಲ. ನಂಗೆ ಸದ್ದು ಕೇಳಿತ್ತು. ಗೊತ್ತಿದ್ದೂ ಕಲ್ಲು ಇಟ್ಟೆ,” ಎಂದರು.

ಏಲಿಯಮ್ಮ ತಲೆ ಎತ್ತಲಿಲ್ಲ. “ಗೊತ್ತು,” ಎಂದರು. “ಆವತ್ತು ಹಾಲಿಲ್ಲದ ಕಟ್ಟನ್ ಕಾಫಿ ಹಿಡ್ಕೊಂಡು ನಾನು ನಿನ್ನ ಹಿಂದೇ ನಿಂತಿದ್ದೆ. ನೀನು ಮೂರು ಸಲ ಕುಟ್ಟಿದೆ. ಮೂರನೇ ಸಲ ಬಗ್ಗಿ ಕಿವಿ ಕೊಟ್ಟೆ. ಆಮೇಲೆ ಆಕಾಶ ನೋಡಿದೆ.”

“ಎಂತಕ್ಕೆ ಯಾರಿಗೂ ಹೇಳ್ಲಿಲ್ಲ?”

“ಹೇಳಿದ್ರೆ ನಿನ್ನ ಯಾರು ಕೆಲಸಕ್ಕೆ ಕರೀತಿದ್ರು? ಹೋಗಿದ್ದು ನನ್ನ ಕಾಲು ಒಂದು. ನಿನ್ನ ಮನೇಲಿ ಐದು ಹೊಟ್ಟೆ.” ಆಮೇಲೆ ಆಕೆ ಹೇಳಿದ ಮಾತನ್ನು ಧರ್ಮಪ್ಪ ಇವತ್ತಿಗೂ ತಡವರಿಸಿಕೊಂಡೇ ಹೇಳುತ್ತಾರೆ: “ನಮ್ಮ ಕರ್ತನು ನನ್ನ ತಪ್ಪು ಎಣಿಸದೆ ಒಳಗೆ ಕರ್ಕೊಂಡ, ಧರ್ಮಪ್ಪ. ನಾನೇನು ಸಂಪಾದ್ಸಿ ಒಳಗೆ ಬಂದೋಳಲ್ಲ. ಹಂಗಿರುವಾಗ ಬಾಗಿಲಲ್ಲಿ ನಿಂತು ನಿನ್ನ ತಪ್ಪು ನಾನು ಎಣಿಸ್ಲಾ? ಪಾಸ್ಟರನ್ನ ನಿನ್ನ ಹತ್ರ ಕಳ್ಸಿದ್ದೇ ನಾನು.”

ಅಂದರೆ ತಪ್ಪು ಒಪ್ಪಿಕೊಳ್ಳುವ ಮೊದಲೇ, ಆರೂವರೆ ವರ್ಷದ ಹಿಂದೆಯೇ, ಆಕೆ ಅದನ್ನು ಬಿಟ್ಟುಬಿಟ್ಟಿದ್ದರು. ಹಾಗಾದರೆ ಕೂಲಿ ಬೇಡ, ಈ ಪಾಯ ಬಿಟ್ಟಿ ಹಾಕಿಕೊಡುತ್ತೇನೆ ಎಂದು ಧರ್ಮಪ್ಪ ಅತ್ತರು. ಏಲಿಯಮ್ಮನಿಗೆ ಸಿಟ್ಟು ಬಂದದ್ದು ಆಗ. “ತೀರ್ಸೋಕೆ ಬರೋದಾದ್ರೆ ಬರ್ಲೇ ಬೇಡ! ಅದು ವ್ಯಾಪಾರ ಆಗ್ತದೆ. ಪಾಯದ ಕೆಲಸ ನಿಂಗೆ ಬರ್ತದೆ ಅಂತ ಬಾ. ಎಲ್ಲರ ಹಂಗೆ ಕೂಲಿ ತಗೋ, ಎಲ್ಲರ ಹಂಗೆ ಊಟ ಮಾಡು.”

ಧರ್ಮಪ್ಪನವರ ಭಯ ಶುರುವಾದದ್ದು ಅಲ್ಲಿಂದ. “ಬೈದಿದ್ರೆ ಆಗ್ತಿತ್ತು. ಎರಡೇಟು ಹೊಡೆದಿದ್ರೂ ಹಗುರ ಆಗ್ತಿತ್ತು. ಸುಮ್ಮನೆ ಬಿಟ್ಟುಬಿಟ್ರು ನೋಡಿ, ಅದನ್ನ ಎಲ್ಲಿ ಇಡೋದು ಅಂತ ಗೊತ್ತಾಗಲ್ಲ. ಈಗ ಅಂಗಳದಲ್ಲಿ ನಡೆದ್ರೂ ಕೆಳಗೆ ಪೊಳ್ಳು ಇರ್ಬಹುದಾ ಅನ್ನಿಸ್ತದೆ.” ಇದನ್ನೆಲ್ಲ ನಾನು ಪತ್ರಿಕೆಯಲ್ಲಿ ಬರೆದರೆ ನಾಳೆ ನಿಮ್ಮನ್ನು ಕೆಲಸಕ್ಕೆ ಯಾರು ಕರೆದಾರು ಎಂದು ಕೇಳಿದರೆ ಇಷ್ಟೇ ಹೇಳುತ್ತಾರೆ: “ಬರೀರಿ. ಆ ಅಮ್ಮ ಮುಚ್ಚಿಟ್ಟಿದ್ದು ಸಾಕು.”

ಇನ್ನೊಂದು ಭಯ ಹೊರಗಿನದು. ಕಳೆದ ಸೆಪ್ಟೆಂಬರಿನಲ್ಲಿ ಕರಾವಳಿಯಲ್ಲಿ ಚರ್ಚುಗಳ ಗಾಜು ಒಡೆದ ಸುದ್ದಿ ಘಾಟಿ ಹತ್ತಿ ಬಂತು. ಅಂದಿನಿಂದ ಈ ಹದಿನೆಂಟು ಮನೆಯವರು ಪ್ರಾರ್ಥನೆಯ ಹಾಡನ್ನೂ ತಗ್ಗಿದ ದನಿಯಲ್ಲಿ ಹಾಡುತ್ತಾರೆ. ಧರ್ಮಪ್ಪನವರ ಹೆಂಡತಿ ಕಮಲ ನೇರವಾಗಿಯೇ ಹೇಳುತ್ತಾರೆ: “ಹರಿಹರಪುರದಲ್ಲಿ ಒಳ್ಳೆ ಮನೆ ಪಾಯ ಕಾಯ್ತಾ ಇದೆ, ಅಲ್ಲಿಗೆ ಹೋಗಿ ಅಂದೆ. ನನ್ನ ಮಾತು ಕೇಳೋ ಜನವಾ ಇದು? ಬೈಕಿನ ಸದ್ದು ಕೇಳಿದ್ರೆ ನನ್ನ ಎದೆ ಹಾರ್ತದೆ.”

ಶುಕ್ರವಾರ, ಅಂದರೆ ಕಿರಣ ಬೈದ ಅದೇ ದಿನ, ಎರಡು ದಿನದಿಂದ ಸುತ್ತ ಅಗೆದು ಬಿಡಿಸಿದ್ದ ಆ ತೇಲುಗಲ್ಲನ್ನು ಧರ್ಮಪ್ಪ ಕೀಳುತ್ತಾರೆ. ಜತೆಗೆ ಕಲ್ಲು ಒಡೆಯುವ ಅಮ್ಜದ್. ಬಂಡೆಗೆ ಆಣಿ ಹೊಡೆದು ನಾಲ್ಕು ತುಂಡು ಮಾಡಿ, ಹಗ್ಗ ಕಟ್ಟಿ ಎಳೆಯುವಷ್ಟರಲ್ಲಿ ಮಧ್ಯಾಹ್ನ. ಅಡಿಯಲ್ಲಿ ಜನವರಿಯಲ್ಲೂ ಒದ್ದೆಯಾದ ಜೇಡಿಮಣ್ಣು. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರುತ್ತದೆ. “ಇದರ ಮೇಲೆ ಚರ್ಚು ಕೂರ್ಸಿದ್ದೆ ನಾನು,” ಎನ್ನುತ್ತಾರೆ ಧರ್ಮಪ್ಪ. ಅಮ್ಜದ್ ಗಂಭೀರವಾಗುವ ಪೈಕಿಯಲ್ಲ. “ಬಿಡು ಧರ್ಮಣ್ಣ. ಹಿಂದೂ ಪಾಯ, ಸಾಬರ ಕಲ್ಲು, ಕ್ರಿಶ್ಚಿಯನ್ನರ ಕಾಫಿ. ಬೈಯೋರು ಯಾರಿಂದ ಶುರು ಮಾಡೋದು ಅಂತ ಗೊತ್ತಾಗದೆ ಒದ್ದಾಡ್ಲಿ.”

ಮೂರಡಿ ಸಾಕಾಗುವ ಚರಂಡಿ ಆ ಮೂಲೆಯಲ್ಲಿ ಏಳಡಿಗೆ ಇಳಿಯುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಹಾರೆ ಟಣ್ ಎನ್ನುತ್ತದೆ. ಬಾಲವಿಲ್ಲದ ಸದ್ದು, ಹಿಂದೆ ಗುಂಯ್ ಇಲ್ಲ. ಖಾತ್ರಿಗೆಂದು ಧರ್ಮಪ್ಪ ಇನ್ನೊಮ್ಮೆ ಕುಟ್ಟಲು ಹಾರೆ ಎತ್ತಿದಾಗ ಮೇಲೆ ರಸ್ತೆಯಲ್ಲಿ ಬೈಕುಗಳು ನಿಲ್ಲುತ್ತವೆ.

ಗುಂಡಿಯಲ್ಲಿರುವ ಧರ್ಮಪ್ಪನವರ ತಲೆ ನೆಲಕ್ಕಿಂತ ಕೆಳಗಿದೆ. ಏನೂ ಕಾಣುವುದಿಲ್ಲ. ಎಂಜಿನ್ ನಿಲ್ಲಿಸದೆ ಇಳಿದವರ ಹೆಜ್ಜೆ ಸದ್ದು, ಮೇಲೆ ನಿಂತಿದ್ದ ಅಮ್ಜದ್‌ನ “ಏ, ಏ, ಮುಟ್ಬೇಡ್ರಿ”, ಯಾರದೋ ಕೆಟ್ಟ ಬೈಗುಳ. ಅಂಚಿನಿಂದ ಒಂದು ಹಿಡಿ ಮಣ್ಣು ಅವರ ತಲೆಯ ಮೇಲೆ ಸುರಿಯುತ್ತದೆ. ಬಿದ್ದದ್ದೋ, ಯಾರಾದರೂ ಒದ್ದದ್ದೋ ತಿಳಿಯದು. ಧರ್ಮಪ್ಪ ಗುಂಡಿಯ ಗೋಡೆಗೆ ಬೆನ್ನು ಒತ್ತಿ ಹಾರೆಯನ್ನು ಎದೆಗೆ ಅವಚಿಕೊಂಡು ಕೂತುಬಿಡುತ್ತಾರೆ. ಬೈಕುಗಳು ಹೋದ ಮೇಲೂ ಏಳಲಾಗುವುದಿಲ್ಲ. “ಮೇಲಿನಿಂದ ಒಂದು ಸೈಜುಗಲ್ಲು ದೂಡಿದ್ರೆ ಮುಗೀತಿತ್ತು. ಏಲಿಯಮ್ಮ ಗೋಡೆ ಕೆಳಗೆ ಹಿಂಗೇ ಕಾದಿದ್ರೇನೋ ಅನ್ನಿಸ್ತು.”

ಬಂದವರು ಅಳತೆಯ ಗೂಟಗಳನ್ನು ಕಿತ್ತು, ನೂಲು ಕತ್ತರಿಸಿ ಹೋಗಿದ್ದಾರೆ. ಧರ್ಮಪ್ಪ ಅಮ್ಜದ್‌ನ ಕೈ ಹಿಡಿದು ಮೇಲೆ ಬರುವಾಗ ಏಲಿಯಮ್ಮ ಊರುಗೋಲು ಬದಿಗಿಟ್ಟು, ನೆಲದ ಮೇಲೆ ಕೂತು, ಗೂಟಗಳನ್ನು ಕಲ್ಲಿನಿಂದ ಹೊಡೆದು ಮತ್ತೆ ನೆಡುತ್ತಿದ್ದಾರೆ. ಒಂದೂ ನೇರವಿಲ್ಲ.

“ಅಮ್ಮಾ, ಇದು ಕೋಳಿಗೂಡಿನ ಅಳತೆ,” ಎನ್ನುತ್ತಾರೆ ಧರ್ಮಪ್ಪ.

“ಹಾಗಾದ್ರೆ ನಾಳೆ ಬಂದು ಸರಿ ಮಾಡು,” ಎನ್ನುತ್ತಾರೆ ಏಲಿಯಮ್ಮ. ಒಂದು ಗಳಿಗೆ ಬಿಟ್ಟು, “ಹೆದರಿಕೆ ಆದ್ರೆ ಬರ್ಬೇಡ. ಬರ್ದಿದ್ರೂ ನಿನ್ನ ಮೇಲೆ ನಂಗೇನೂ ಇಲ್ಲ. ಮೊದಲೂ ಇರ್ಲಿಲ್ಲ.”

ಆ ಮಾತಿಗೆ ಧರ್ಮಪ್ಪನವರ ಮುಖ ಸಪ್ಪಗಾಗುತ್ತದೆ. ಬೆಳಿಗ್ಗೆ ಬೆಂಕಿಯ ಮುಂದೆ ತಾವು ಆಡಿದ ಮಾತನ್ನು ಆಕೆಗೆ ಹೇಳಲು ಬಾಯಿ ಬರುವುದಿಲ್ಲ. ಬಸ್ಸಿಗೆ ಕಾಯುವಾಗ ಅಮ್ಜದ್‌ಗೆ ಹೇಳುತ್ತಾರೆ: “ಎಂತ ಸಂಬಂಧ ಅಂದುಬಿಟ್ಟೆ ಕಣೋ. ಅಷ್ಟು ಜನರ ಎದುರಿಗೆ.” ದೀಕ್ಷಾಸ್ನಾನ ಪಡೆದು ಕ್ರೈಸ್ತರಾಗಿದ್ದೀರಾ ಎಂದು ನಾನು ಕೇಳಿದರೆ ಇಲ್ಲ ಎನ್ನುತ್ತಾರೆ. ಮನೆಯಲ್ಲಿ ದೇವರ ಗೂಡು ಇದ್ದಲ್ಲೇ ಇದೆ, ಕಮಲ ದೀಪ ಹಚ್ಚುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ, “ಒಂದು ಮಳೆಗಾಲ ದಾಟ್ಲಿ. ಆ ಮೂಲೆ ಒಂದು ನೂಲಿನಷ್ಟೂ ಕುಸೀಬಾರ್ದು. ಒಳಗೆ ಆ ಅಮ್ಮ ನಿಶ್ಚಿಂತೆಯಿಂದ ಕಸ ಗುಡಿಸ್ಬೇಕು.”

ಶನಿವಾರ ಬೆಳಿಗ್ಗೆ ಆರು ಗಂಟೆ. ಅದೇ ಅಂಗಡಿ, ಅದೇ ಬೆಂಕಿ. ಇವತ್ತು ಬೈಕು ಮೂರು. ಜಲಜಮ್ಮ ಚಹಾ ಕೊಡುತ್ತಾ ಪಿಸುಗುಡುತ್ತಾರೆ: “ಕುಡಿದು ಹಿಂದಿನ ದಾರೀಲಿ ಮನೆಗೆ ಹೋಗಿ ಧರ್ಮಣ್ಣ. ಇವತ್ತು ಅವ್ರ ಮುಖ ಸರಿ ಇಲ್ಲ.”

ಕಿರಣ ಇವತ್ತು ಬೈಕಿನಿಂದ ಇಳಿದು ಎದುರಿಗೇ ಬಂದು ನಿಲ್ಲುತ್ತಾನೆ. ದನಿ ಏರಿಸುವುದಿಲ್ಲ, ಅದೇ ಹೆಚ್ಚು ಹೆದರಿಸುತ್ತದೆ. “ನಿನ್ನೆ ಹೇಳಿದ್ಯಲ್ಲ, ಅದನ್ನೇ ಇನ್ನೊಂದ್ಸಲ ಹೇಳು. ಇಷ್ಟು ಜನ ಕೇಳ್ಲಿ. ನಂಗೂ ಅವ್ರಿಗೂ ಸಂಬಂಧ ಇಲ್ಲ ಅನ್ನು. ನಾನೇ ಬೈಕಲ್ಲಿ ಕೂರ್ಸ್ಕೊಂಡು ನಾರ್ವೆಗೆ ಬಿಟ್ಟು ಬರ್ತೀನಿ.”

ಎಷ್ಟು ಸುಲಭದ ಮಾತು. ಮತ ಬದಲಿಸಿಲ್ಲ ಎಂದರೆ ಸುಳ್ಳೂ ಅಲ್ಲ. ಅಷ್ಟು ಅಂದರೆ ಕೈ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಕಮಲ ನೆಮ್ಮದಿಯಾಗಿ ಉಸಿರಾಡುತ್ತಾರೆ. ಬೆಂಕಿಯ ಸುತ್ತ ಯಾರೂ ನಗುತ್ತಿಲ್ಲ. ಜಲಜಮ್ಮ ಸೌಟು ಹಿಡಿದು ನಿಂತಿದ್ದಾರೆ. ಅಂಗಡಿಯ ಹಿಂದೆ ಎಲ್ಲೋ ಹುಂಜವೊಂದು ಕೂಗುತ್ತದೆ.

“ಬಾಯಲ್ಲಿ ಎಂತ ಇಟ್ಕೊಂಡಿದೀಯಾ? ಹೇಳೋ!”

ಧರ್ಮಪ್ಪ ಲೋಟವನ್ನು ಹಲಗೆಯ ಮೇಲೆ ಇಡುತ್ತಾರೆ. ಗೋಡೆಗೆ ಒರಗಿಸಿದ್ದ ಹಾರೆಯನ್ನು ಹೆಗಲಿಗೇರಿಸಿ, ಚೀಲ ತೆಗೆದುಕೊಂಡು, ಕಿರಣನ ಪಕ್ಕದಿಂದಲೇ ರಸ್ತೆಗೆ ಇಳಿಯುತ್ತಾರೆ. ನಾರ್ವೆಯ ಕಡೆಗಲ್ಲ. ಹಿಂದೆ ಮೂರೂ ಬೈಕುಗಳು ಒಂದಾದ ಮೇಲೊಂದು ಸ್ಟಾರ್ಟ್ ಆಗುವುದು ಕೇಳುತ್ತದೆ. ಅವರು ತಿರುಗಿ ನೋಡುವುದಿಲ್ಲ, ಹೆಜ್ಜೆಯನ್ನು ಬಿರುಸು ಮಾಡುವುದೂ ಇಲ್ಲ. ರಬ್ಬರ್ ಗಿಡಗಳ ಇಳಿಜಾರಿನಲ್ಲಿ ಓರೆಯಾಗಿ ನೆಟ್ಟ ಗೂಟಗಳು ಸರಿಯಾಗಬೇಕಿವೆ.