ಟೈಲರ್ ಅತ್ತೆಯ ಸಾಹಸದ ಆಟ

ಓಣಿಯವರೆಲ್ಲ ಟೈಲರ್ ಅತ್ತೆ ಎಂದು ಕರೆಯುವ ಆಕೆಗೆ ಅಂಗೈಯಗಲದ ಹಳೆಯ ವಿಡಿಯೋ ಗೇಮ್ ಎಂದರೆ ಪಂಚಪ್ರಾಣ. ಅದರೊಳಗಿನ ಪುಟ್ಟ ವೀರ ಗುಹೆಯಲ್ಲಿ ಸಿಕ್ಕಿಬಿದ್ದನೆಂದರೆ ಬಟ್ಟೆ ಕೇಳಲು ಬಂದವರು ಬಾಗಿಲಲ್ಲೇ ನಿಲ್ಲಬೇಕು: "ತಡೀರಮ್ಮ, ಇಲ್ಲೊಂದು ಜೀವ ಹೋಗ್ತಿದೆ!" ಈ ಮಾದರಿ ಈಗ ಅಪರೂಪವಾದ್ದರಿಂದ ಸಂಗ್ರಹಕಾರರು ಬೆಲೆ ಕಟ್ಟಲು ಬರುತ್ತಲೇ ಇರುತ್ತಾರೆ. ನಿನ್ನೆ ಬಂದವರು ಭೂತಗನ್ನಡಿ ಹಿಡಿದು ನೋಡಿ, "ಗುಂಡಿಗಳೆಲ್ಲ ಸವೆದಿವೆ, ಅರ್ಧ ಬೆಲೇನೂ ಬರಲ್ಲ" ಎಂದು ಮೂಗು ಮುರಿದರು. ಅತ್ತೆ ನಕ್ಕರು. ಕೆಲವು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದು ಆಕೆಯ ಬಲಗೈ ಮರಗಟ್ಟಿದಾಗ, ಇನ್ನು ಕತ್ತರಿ ಹಿಡಿಯುವ ಮಾತೇ ಇಲ್ಲವೆಂದು ಎಲ್ಲರೂ ಕೈಚೆಲ್ಲಿದ್ದರು. ಆಕೆ ಮಾತ್ರ ಆ ಗುಂಡಿಗಳನ್ನೇ ಒತ್ತಿ ಒತ್ತಿ ಹೆಬ್ಬೆರಳಿಗೆ ಜೀವ ತಂದುಕೊಂಡಿದ್ದರು. "ಸವೆದಿರೋದಕ್ಕೇ ಸ್ವಾಮಿ ಇದಕ್ಕೆ ಬೆಲೆ!" ಎಂದವರೇ ಕತ್ತರಿ ಎತ್ತಿಕೊಂಡು, ಮೇಜಿನ ಮೇಲೆ ಹಾಸಿದ್ದ ರೇಷ್ಮೆಯನ್ನು ತುದಿಯಿಂದ ತುದಿಗೆ, ಎಳೆಯಷ್ಟೂ ಸೊಟ್ಟಗಾಗದಂತೆ ಸರ್ರನೆ ಕತ್ತರಿಸಿದರು.