ಅಡ್ಡ ಬಾರದ ಜಿಂಕೆ

ಅಂಕಲ್, ಅವತ್ತು ಹೆದ್ದಾರಿಯಲ್ಲಿ ಜಿಂಕೆ ಬಂದಿರಲಿಲ್ಲ. ನಾನು ಸುಳ್ಳು ಹೇಳಿದೆ.

ಆರು ವರ್ಷಗಳಿಂದ ನೀವು ಆ ಕಥೆ ಹೇಳುತ್ತಿದ್ದೀರಿ — ಪ್ಲೇನ್‌ಫೀಲ್ಡ್‌ನ ಲೈಬ್ರರಿಯಲ್ಲಿ, ದೀಪಾವಳಿ ಕಾರ್ಯಕ್ರಮಗಳಲ್ಲಿ, ವಾಷಿಂಗ್ಟನ್ನಿನಲ್ಲಿ ಕಾಂಗ್ರೆಸ್ ಸದಸ್ಯರಾಗಿ ಪ್ರಮಾಣವಚನ ತೆಗೆದುಕೊಂಡ ದಿನದ ಊಟದಲ್ಲಿಯೂ. ಪ್ರತಿ ಸಲ ಜಿಂಕೆ ಸ್ವಲ್ಪ ದೊಡ್ಡದಾಗುತ್ತದೆ. ಈಗ ಅದಕ್ಕೆ ಕವಲೊಡೆದ ಕೊಂಬುಗಳೂ ಬಂದಿವೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ — ನಿಜವಾಗಿಯೇ ನಗು ಬರುತ್ತದೆ, ನೀವು ಹೇಳುವ ರೀತಿ ಹಾಗಿದೆ. ಆಮೇಲೆ ನನ್ನತ್ತ ಕೈ ತೋರಿಸಿ, "ಈ ಹುಡುಗಿ ಇರಲಿಲ್ಲಂದ್ರ ಇವತ್ತ ನಾ ಇರತಿದ್ದಿಲ್ಲ" ಎನ್ನುತ್ತೀರಿ. ಚಪ್ಪಾಳೆ.

ಆಗ ನೀವಿನ್ನೂ ಗ್ಲೆಂಡೇಲ್ ಹೈಟ್ಸ್‌ನ ವಕೀಲರು, ನಾನು ನಿಮ್ಮ ಆಫೀಸಿನಲ್ಲಿ ವೀಸಾ ಅರ್ಜಿ ತುಂಬುವವಳು. ಸಂದರ್ಶನಕ್ಕೆ ಹೊರಟ ಪ್ರತಿಯೊಬ್ಬರಿಗೂ ನೀವು ಹೇಳುತ್ತಿದ್ದುದು ನನಗೆ ಬಾಯಿಪಾಠ: "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ಸುಳ್ಳ ಮಾತ್ರ ಹೇಳಬ್ಯಾಡ್ರಿ."

ಅದು ನಿಮ್ಮ ಮೊದಲ ಚುನಾವಣೆ. ನಿಮ್ಮ ಪರವಾಗಿ ಮತದಾರರಿಗೆ ಫೋನ್ ಮಾಡಲು ಸೌತ್‌ಫೀಲ್ಡ್‌ನ ಕನ್ನಡಿಗರು ಅಲ್ಲೇ ಸೇರುವವರಿದ್ದರು; ನಾಲ್ಕೈದು ಗಂಟೆಯ ದಾರಿ. ಅವರಿಗೆಂದು ಆಂಟಿ ಬಿಸಿಬೇಳೆಬಾತ್ ಮಾಡಿ, ದೊಡ್ಡ ಅಲ್ಯೂಮಿನಿಯಂ ಟ್ರೇಯನ್ನು ಹಿಂದಿನ ಸೀಟಿನಲ್ಲಿಟ್ಟು, "ಹೊಸಾ ಕಾರು, ಚೆಲ್ಲಿದ್ರ ವಾಸನಿ ಹೋಗೂದಿಲ್ಲ ನೋಡವಾ" ಎಂದಿದ್ದರು. ಹೊರಗೆ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿನ ಚಳಿ, ರಸ್ತೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ. ನಾನು ಓಡಿಸುತ್ತಿದ್ದೆ, ನೀವು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಿರಿ. ಎಪ್ಪತ್ತು ಮೈಲಿ ವೇಗದಲ್ಲಿ ಟ್ರೇ ಜಾರಿದ ಸದ್ದು — ನಾನು ಹಿಂದೆ ತಿರುಗಿ ಕೈ ಚಾಚಿದೆ. ಟ್ರೇ ಸಿಕ್ಕಿತು. ಕಾರು —

ಎರಡು ಸುತ್ತು. ಟ್ರಕ್ಕಿನ ಹಾರ್ನ್, ಕಿಟಕಿಯ ತುಂಬ ಅದರ ಚಕ್ರ. ಈಗಲೂ ಸಿಗ್ನಲ್‌ನಲ್ಲಿ ನಿಂತಾಗ ಆ ಚಕ್ರ ಬರುತ್ತದೆ. ಇನ್ನರ್ಧ ಸೆಕೆಂಡ್ ತಡವಾಗಿದ್ದರೆ... ಕಾರು ರಸ್ತೆ ನಡುವಿನ ಹುಲ್ಲಿನ ಮೇಲೆ, ಬಂದ ದಾರಿಯತ್ತ, ಶಿಕಾಗೊ ಕಡೆ ಮುಖ ಮಾಡಿ ನಿಂತಿತು.

"ಏನಾತು ತಂಗಿ?"

"ಜಿಂಕೆ ಅಂಕಲ್... ಅಡ್ಡ ಬಂದ್ಬಿಡ್ತು."

"ಅದಕ್ಕೇನೂ ಆಗ್ಲಿಲ್ಲ, ಹೌದಿಲ್ಲೋ?"

"ಇಲ್ಲ. ಓಡೋಯ್ತು."

"ಛಲೋ ಆತು. ಅದಕ್ಕೊಂದು ವೋಟ್ ಇದ್ದಿದ್ರ ನಮಗ ಹಾಕ್ತಿತ್ತು."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಬದುಕಿದ್ದೆವಲ್ಲ. ಆ ಮಧ್ಯಾಹ್ನ ಸೌತ್‌ಫೀಲ್ಡ್‌ನಲ್ಲಿ ಬಾತ್ ಬಡಿಸುವಾಗ ನೀವು ಮೊದಲ ಸಲ ಕಥೆ ಹೇಳಿದಿರಿ. ಆಗಲೇ ತಿದ್ದಬಹುದಿತ್ತು. ತಿದ್ದಲಿಲ್ಲ. ಆ ಸಲ ಸೋತಿರಿ, ಮುಂದಿನ ಸಲ ಗೆದ್ದಿರಿ. ಗೆದ್ದ ಸುದ್ದಿ ಬಂದಾಗ ಆಂಟಿ ಪಾರ್ಕಿಂಗ್ ಲಾಟಿನಲ್ಲೇ ಕುಣಿದರು, ಚಪ್ಪಲಿ ಬಿಟ್ಟು ನಾನೂ ಕುಣಿದೆ. ಅಷ್ಟು ಸಂತೋಷದ ನಡುವೆ ನನ್ನ ಸುಳ್ಳು ಯಾರಿಗೂ ಭಾರವಲ್ಲ ಎಂದುಕೊಂಡಿದ್ದೆ.

ನಿನ್ನೆಯವರೆಗೆ. ನಿನ್ನೆ, ಹದಿನಾರು ತುಂಬಿದ ನಿಮ್ಮ ಅನಘಾ ನನ್ನ ಮೇಜಿನ ಬಳಿ ಬಂದು, "ಡ್ಯಾಡ್ ಸೇಸ್ ಯು ಆರ್ ದ ಸೇಫೆಸ್ಟ್ ಡ್ರೈವರ್. ವಿಲ್ ಯು ಟೀಚ್ ಮಿ?" ಎಂದಳು. ಅವಳ ಕೈಯಲ್ಲಿ ಹೊಸ ಲರ್ನರ್ಸ್ ಪರ್ಮಿಟ್. ಮುಖದಲ್ಲಿ ಎಂಥ ಖುಷಿ.

ಹೆದರಿ ಸುಳ್ಳು ಹೇಳಿದೆ ಎಂದರೆ ಅದೂ ಪೂರ್ತಿ ನಿಜವಲ್ಲ. ಮೊದಲು ನಾಚಿಕೆ, ಆಮೇಲೆ ನಿಮ್ಮ ಹೊಗಳಿಕೆ ರುಚಿಸಿತು.

ಅವಳಿಗೆ ಕಲಿಸಲು ಬೇರೆಯವರನ್ನು ನೋಡಿ. ಕಾರಣವನ್ನು ಅನಘಾಗೆ ನಾನೇ ಹೇಳುತ್ತೇನೆ — ಶನಿವಾರ ಬೆಳಿಗ್ಗೆ, ನಿಮ್ಮ ಮನೆಯಲ್ಲಿ, ನೀವೂ ಆಂಟಿಯೂ ಎದುರಿಗಿರುವಾಗ. ಆಮೇಲೆ ನೀವು ಏನೇ ಕೇಳಿದರೂ ಉತ್ತರಿಸುತ್ತೇನೆ.