ಆಯಮ್ಮನ ಬೆರಳು

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಆಯಮ್ಮ ಇಲ್ಲದಿದ್ದರೆ ಸೂಜಿಗೆ ನರ ಸಿಗುವುದಿಲ್ಲ ಎಂಬುದು, ಸಂಬಳ ಕೊಡುವವರನ್ನು ಬಿಟ್ಟು ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷ ಬೆಡ್‌ಪ್ಯಾನ್ ತೊಳೆದ ಕೈ ಅದು. ಒಣಗಿದ ಮುದುಕಿಯ ತೋಳಾಗಲಿ, ಊದಿಕೊಂಡ ಮುಂಗೈಯಾಗಲಿ, ಎರಡು ಸಲ ಸವರಿ "ಇಲ್ಲಿ" ಅಂದರೆ ಮುಗಿಯಿತು. ಆದರೆ ಸೂಜಿ ಮುಟ್ಟುವ ಹಾಗಿಲ್ಲ. ಅದಕ್ಕೆ ಸರ್ಟಿಫಿಕೇಟ್ ಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು.

ಅವಳ ಓದು ಏಳನೇ ಕ್ಲಾಸಿಗೆ ನಿಂತಿತ್ತು. ಮನೆಯಲ್ಲಿ ಇದ್ದದ್ದು ಒಬ್ಬರ ಫೀಸಿಗಾಗುವಷ್ಟು ದುಡ್ಡು; ಅದು ಅಣ್ಣನಿಗಾಯಿತು. "ಹೆಣ್ಣಿಗೆ ಇಷ್ಟು ಸಾಕು," ಅಂದಿದ್ದ ಅಪ್ಪ. ಸಾಕಾಗಲಿಲ್ಲ, ಬಿಡಿ. ಸ್ಟ್ರೆಚರ್ ತಳ್ಳುವವನದೂ ಏಳನೇ ಕ್ಲಾಸೇ. ಆದರೂ ಗಂಡಾಳು ಅಂತ ಅವನಿಗೆ ಇವಳ ಒಂದೂವರೆ ಪಟ್ಟು ಸಂಬಳ.

ಹೊಸ ನರ್ಸ್ ಹುಡುಗಿಯರು ಪಳಗದ ಕೈಯಲ್ಲಿ ಬರುತ್ತಿದ್ದರು, ಇವಳ ಬೆರಳು ನೋಡಿ ಕಲಿಯುತ್ತಿದ್ದರು, ಎರಡು ವರ್ಷಕ್ಕೆ ವಿದೇಶಕ್ಕೆ ಹೊರಟುಬಿಡುತ್ತಿದ್ದರು. ಅಲ್ಲಿಂದ ಹಿಮದಲ್ಲಿ ನಿಂತ ಫೋಟೊ ಕಳಿಸುತ್ತಿದ್ದರು. ಆಯಮ್ಮ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವಳು: ಕೋಟು, ಬೂಟು, ಹಿಂದೆ ಕಾಣುವ ಬಾಗಿಲು. ಆ ಬಾಗಿಲನ್ನು ತಾನಲ್ಲದಿದ್ದರೆ ಮಗಳಾದರೂ ದಾಟಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಗಂಡ ಕೈಬಿಟ್ಟ ಮೇಲೂ ಹೊಟ್ಟೆ ಬಟ್ಟೆ ಕಟ್ಟಿ ಮಗಳಿಗೆ ನರ್ಸಿಂಗ್ ಓದಿಸಿದಳು.

ಮಗಳಿಗೆ ಕೆಲಸ ಸಿಕ್ಕಿತು, ಅದೇ ಹಿಮದ ನಾಡಿನಲ್ಲಿ. ಒಂದು ಕೋಣೆಯ ಮನೆಯಲ್ಲಿ ಇದ್ದದ್ದೇ ಇಬ್ಬರು. ಇಷ್ಟು ವರ್ಷ ತಾನು ಬೇಡಿಕೊಂಡದ್ದು ಈ ಒಂಟಿತನವನ್ನೇ ಎಂದು ಆಗ ಅವಳಿಗೆ ಹೊಳೆಯಿತು.

ಹೊರಡುವ ಮುಂಚಿನ ರಕ್ತಪರೀಕ್ಷೆ ಇದೇ ಆಸ್ಪತ್ರೆಯಲ್ಲಿ. ವರದಿ ಕಳಿಸಲು ಅಂದೇ ಕಡೆಯ ದಿನ, ತಪ್ಪಿದರೆ ಕೆಲಸವೂ ತಪ್ಪಿತು. ಹೊಸ ನರ್ಸ್ ಎರಡು ಸಲ ಚುಚ್ಚಿದಳು, ರಕ್ತ ಬರಲಿಲ್ಲ. ಮೂರನೆಯದಕ್ಕೆ ಧೈರ್ಯ ಸಾಲದೆ ಆಯಮ್ಮನನ್ನು ಕರೆದಳು.

ಆಯಮ್ಮ ಮಗಳ ತೋಳು ಹಿಡಿದಳು. ಎಣ್ಣೆ ಹಚ್ಚಿ ನೀವಿ ಬೆಳೆಸಿದ ತೋಳು. ನರ ಎಲ್ಲಿದೆಯೆಂದು ಕಣ್ಣುಮುಚ್ಚಿ ಹೇಳಬಲ್ಲಳು. "ಸಿಗ್ತಿಲ್ಲ" ಅಂದುಬಿಟ್ಟರೆ? ಒಂದೇ ಒಂದು ಮಾತು. ನಾಳೆಯೂ ಇವಳು ಮನೆಯ ಕಿಟಕಿಯ ಹತ್ತಿರ ಕೂತೇ ತಲೆ ಬಾಚಿಕೊಳ್ಳುತ್ತಾಳೆ.

"ಯಾಕಮ್ಮ, ಸಿಗ್ತಿಲ್ವಾ?" ಮಗಳ ದನಿಯಲ್ಲಿ ಹೆದರಿಕೆಯಿತ್ತು.

"ಸಿಗದೆ ಎಲ್ಲಿ ಹೋಗುತ್ತೆ, ನಾನೇ ಹೆತ್ತಿದ್ದಲ್ವಾ," ಎಂದು ಆಯಮ್ಮ ಮೊಣಕೈಯ ಮಡಿಕೆಯ ಪಕ್ಕ ಬೆರಳಿಟ್ಟಳು. "ಇಲ್ಲಿ."

ನರ್ಸ್ ಸೂಜಿ ಹಿಡಿದು ಕಾದಳು. ಮತ್ತೂ ಸ್ವಲ್ಪ ಹೊತ್ತು ಕಾದಳು.

"ಆಯಮ್ಮ," ಎಂದಳು ಮೆಲ್ಲಗೆ, "ಬೆರಳು ತೆಗೀರಿ."